ತರಗೆಲೆ ಎತ್ತುವ ಕೆಲಸಕ್ಕೆ ಒಂದು ಟಾರ್ಪಾಲು, ಒಂದು ಡ್ರಮ್ಮು, ಒಂದಷ್ಟು ತಂತಿ ಬಲೆ

ಎಲೆ ಉದುರುವ ಕಾಲದಲ್ಲಿ ಅಂಗಳ ಗುಡಿಸುವುದೇ ದೊಡ್ಡ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗುಡಿಸಿದ ಮೇಲೆ ಶುರುವಾಗುತ್ತದೆ ನೋಡಿ, ಕಷ್ಟ ಅಂದರೆ ಅದು. ರಾಶಿ ಮಾಡು, ಬಗ್ಗು, ಎರಡೂ ಕೈಯಲ್ಲಿ ಬಾಚಿ ಚೀಲದ ಬಾಯಿಗೆ ತುರುಕು, ಅರ್ಧ ಹೊರಗೆ ಚೆಲ್ಲುತ್ತದೆ, ಮತ್ತೆ ಬಗ್ಗು, ಚೀಲ ಹೊತ್ತು ಹಿತ್ತಲ ಮೂಲೆಗೆ ಹೋಗಿ ಸುರಿ, ಖಾಲಿ ಚೀಲ ಹಿಡಿದು ವಾಪಸ್ ಬಾ. ಎಲೆ ಬಾಚುವ ರೇಕ್ ಹಿಡಿದ ಹೊತ್ತಿಗಿಂತ ಚೀಲದ ಜೊತೆ ಗುದ್ದಾಡಿದ ಹೊತ್ತೇ ಜಾಸ್ತಿ.

ಒಣಗಿದ ಎಲೆಗೆ ತೂಕವೇ ಇಲ್ಲ. ನೂರು ಲೀಟರಿನ ಚೀಲ ತುಂಬಿದರೂ ಒಂದೇ ಕೈಯಲ್ಲಿ ಎತ್ತಬಹುದು. ಅದರೊಳಗೆ ಇರುವುದು ಬಹುಪಾಲು ಗಾಳಿ. ಅಂದರೆ ನಾವು ಬೆನ್ನು ಬಗ್ಗಿಸಿ ಮೂಲೆಯಿಂದ ಮೂಲೆಗೆ ಸಾಗಿಸುವುದು ಗಾಳಿಯನ್ನು. ಹಾಗಾಗಿ ಈ ಸಲ ಗುಡಿಸುವ ಸಾಮಾನಿಗೆ ತಲೆ ಕೆಡಿಸಿಕೊಳ್ಳದೆ, ಎತ್ತುವುದನ್ನೂ ಹೊರುವುದನ್ನೂ ಹೇಗೆ ತಪ್ಪಿಸಬಹುದು ಅಂತ ಮಾತ್ರ ನೋಡಿದೆ. ಎಲೆಗೆ ಕೈಯೇ ತಾಗಬಾರದು, ನೆಲದಿಂದ, ಎಲೆ ಕೊಳೆತು ಗೊಬ್ಬರವಾಗುವ ತಂತಿ ಬಲೆಯ ಗೂಡಿನವರೆಗೆ ಜಾರಿಕೊಂಡೇ ಹೋಗಬೇಕು. ಅಷ್ಟೇ ಗುರಿ.

ಬ್ಲೋವರ್ ತಗೊಂಡರೆ ಆಯ್ತಲ್ವಾ ಅಂತ ಕೇಳುವವರಿಗೆ: ಬ್ಲೋವರ್ ಎಲೆಯನ್ನು ಇಲ್ಲಿಂದ ಅಲ್ಲಿಗೆ ತಳ್ಳುತ್ತದೆ, ಎತ್ತುವುದಿಲ್ಲ. ಎಳೆದುಕೊಳ್ಳುವ ವ್ಯಾಕ್ಯೂಮ್ ಇರುವ ಮಾದರಿಗಳಲ್ಲಿ ಚೀಲ ಸಾಮಾನ್ಯವಾಗಿ 35ರಿಂದ 45 ಲೀಟರ್. ದೊಡ್ಡ ಮರವೊಂದರ ಕೆಳಗೆ ಅದು ತುಂಬುವುದಕ್ಕೆ ಹೆಚ್ಚು ಹೊತ್ತು ಬೇಡ, ಎಲೆ ಸ್ವಲ್ಪ ಒದ್ದೆ ಇದ್ದರೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ. ಕಲ್ಲುಹಾಸಿನ ಸಂದಿಗಳಿಂದ ಎಲೆ ಎಬ್ಬಿಸುವುದಕ್ಕೆ ಅದು ಚೆನ್ನ. ಉಳಿದದ್ದಕ್ಕೆ ಸದ್ದು ಜಾಸ್ತಿ, ಕೆಲಸ ಕಮ್ಮಿ.

ಟಾರ್ಪಾಲು

ಟಾರ್ಪಾಲಿನ ಮೇಲೆ ಎಲೆ ಎಳೆದು ಹಾಕಿ ದರದರ ಎಳೆದುಕೊಂಡು ಹೋಗುವುದು ಹಳೆಯ ಉಪಾಯ. ಆದರೆ ಸುಮ್ನೆ ಟಾರ್ಪಾಲು ಹಾಸಿದರೆ ಎರಡು ತೊಂದರೆ ಇದ್ದೇ ಇವೆ. ಒಂದು, ರೇಕ್ ಹಲ್ಲು ಅಂಚಿಗೆ ಸಿಕ್ಕಿ ಅಂಚು ಮಡಚಿಕೊಳ್ಳುತ್ತದೆ, ಇಲ್ಲವೇ ಎಲೆ ಟಾರ್ಪಾಲಿನ ಅಡಿಗೆ ನುಗ್ಗುತ್ತದೆ. ಎರಡು, ಚೂರು ಗಾಳಿ ಬೀಸಿದರೂ ಇಡೀ ಹಾಳೆ ಎದ್ದು ಅಷ್ಟು ಹೊತ್ತು ಗುಡ್ಡೆ ಹಾಕಿದ್ದನ್ನು ಮತ್ತೆ ಹರಡಿ ಬಿಡುತ್ತದೆ. ಎರಡಕ್ಕೂ ಕಾರಣ ಒಂದೇ, ಎಲೆ ಒಳಗೆ ಎಳೆದುಕೊಳ್ಳುವ ಬಾಯಿಯ ಅಂಚಿಗೆ ತೂಕ ಇಲ್ಲ.

2 ಮೀಟರ್ ಅಗಲ, 2.5 ಮೀಟರ್ ಉದ್ದದ ಹೆಣೆದ ಪ್ಲಾಸ್ಟಿಕ್ ಟಾರ್ಪಾಲು ತೆಗೆದುಕೊಂಡೆ. ಇದಕ್ಕಿಂತ ದೊಡ್ಡದಾದರೆ ತುಂಬಿದ ಮೇಲೆ ತಿರುವುಗಳಲ್ಲಿ ಎಳೆಯಲು ಆಗುವುದಿಲ್ಲ. 2 ಮೀಟರಿನ ಒಂದು ಬದಿಯನ್ನು ಬಾಯಿ ಅಂತ ಇಟ್ಟುಕೊಂಡು, ಅಲ್ಲಿ 8 ಸೆಂಟಿಮೀಟರ್ ಮಡಚಿ ದಪ್ಪ ನೈಲಾನ್ ದಾರದಲ್ಲಿ ಹೊಲಿದು ಒಂದು ಸುರಂಗ ಮಾಡಿದೆ. ಹೊಲಿಗೆ ಬೇಡ ಅನ್ನುವವರು ಅಗಲ ವಾಷರ್ ಹಾಕಿ ಪಾಪ್ ರಿವೆಟ್ ಹೊಡೆಯಬಹುದು, ಗಟ್ಟಿಯಾಗಿಯೇ ಕೂರುತ್ತದೆ. ಆ ಸುರಂಗದೊಳಗೆ ಕಬ್ಬಿಣದ ಪಟ್ಟಿ ತೂರಿಸಬಹುದಿತ್ತು. ಆದರೆ ಕಬ್ಬಿಣ ಬಾಗುವುದಿಲ್ಲ. ನೆಲ ಎಲ್ಲಿ ತಗ್ಗಾಗಿದೆಯೋ ಅಲ್ಲಿ ಪಟ್ಟಿಯ ಕೆಳಗೆ ಸಂದಿ ಬಿಡುತ್ತದೆ, ಎಲೆ ಅಲ್ಲಿಂದಲೇ ನುಗ್ಗುತ್ತದೆ, ಜೊತೆಗೆ ಕಲ್ಲುಹಾಸಿನ ಮೇಲೆ ಎಳೆದರೆ ಗೀರು ಬೀಳುತ್ತದೆ. ಅದರ ಬದಲು ಹಳೇ ಗಾರ್ಡನ್ ಪೈಪಿಗೆ ಮರಳು ತುಂಬಿ ತೂರಿಸಿದೆ. ಒಳವ್ಯಾಸ 19 ಮಿಲಿಮೀಟರ್, ಉದ್ದ 1.8 ಮೀಟರ್. ಪೈಪು, ಮರಳು ಎಲ್ಲ ಸೇರಿ ಒಂದು ಕೆಜಿಯ ಆಸುಪಾಸು ಬರುತ್ತದೆ. ಉಬ್ಬು ತಗ್ಗು ಎಲ್ಲಿದ್ದರೂ ಅಂಚು ನೆಲಕ್ಕೆ ಅಂಟಿಕೊಂಡೇ ಇರುತ್ತದೆ.

ಮರಳು ಪೂರ್ತಿ ಒಣಗಿರಬೇಕು. ತೇವ ಇದ್ದರೆ ಒಂದು ಗೇಣು ಇಳಿಯುವಷ್ಟರಲ್ಲಿ ಪೈಪಿನೊಳಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ತಟ್ಟಿದರೂ ಇಳಿಯುವುದಿಲ್ಲ. ಬಿಸಿಲಿಗೆ ಹರಡಿ, ಜರಡಿ ಹಿಡಿದು, ಪೈಪನ್ನು ಮೇಲಿನಿಂದ ಇಳಿಬಿಟ್ಟು ಆಲಿಕೆಯಲ್ಲಿ ಹಾಕುತ್ತಾ ಕೆಳಗಿನಿಂದ ಕೋಲಿನಲ್ಲಿ ತಟ್ಟುತ್ತಾ ಹೋದರೆ ಸರಾಗ. ಪೂರ್ತಿ ಗಿಡಿಯಬೇಡಿ. ಒಂದು ಹಿಡಿ ಕಮ್ಮಿ ಇದ್ದರೆ ಪೈಪು ಬಾಗುತ್ತದೆ, ಬಿಗಿಯಾಗಿ ತುಂಬಿದರೆ ಅದೂ ಕಬ್ಬಿಣದ ಪಟ್ಟಿಯ ಥರವೇ ಸೆಟೆದುಕೊಳ್ಳುತ್ತದೆ, ಆಮೇಲೆ ಇಷ್ಟೆಲ್ಲ ಮಾಡಿ ಏನು ಬಂತು. ಎರಡೂ ತುದಿಗೆ ಮರದ ಬಿರಡೆ, ಅದರ ಮೇಲೆ ಹೋಸ್ ಕ್ಲಿಪ್ಪು.

ಉಳಿದ ಮೂರು ಬದಿಗಳ ಐಲೆಟ್ ತೂತುಗಳಲ್ಲಿ 8 ಮಿಲಿಮೀಟರಿನ ಹಗ್ಗ ಪೋಣಿಸಿದೆ. ಬಾಯಿಯ ಎದುರಿನ ಬದಿಯಲ್ಲಿ ಹಗ್ಗವನ್ನು ಉದ್ದಕ್ಕೆ ಹೊರಗೆ ಬಿಟ್ಟು, ಅದಕ್ಕೆ 30 ಸೆಂಟಿಮೀಟರಿನ ಪಿವಿಸಿ ಪೈಪಿನ ತುಂಡು ಹಿಡಿಕೆ. ಎಳೆದರೆ ಬದಿಗಳು ತಾವಾಗಿಯೇ ಮೇಲೆದ್ದು ಟಾರ್ಪಾಲು ಬೋಗುಣಿಯಾಗುತ್ತದೆ, ಎಲೆ ಪಕ್ಕಕ್ಕೆ ಚೆಲ್ಲುವುದಿಲ್ಲ. ಹಗ್ಗ ಗಿಡ್ಡವಾದರೆ ಎಳೆಯುವಾಗ ಮುಂಭಾಗ ಎದ್ದು ಎಲೆಯೆಲ್ಲ ಹಿಂದಿನ ಬಾಯಿಯಿಂದ ಸುರಿದುಹೋಗುತ್ತದೆ. ನನ್ನ ಎತ್ತರಕ್ಕೆ ಒಂದೂವರೆ ಮೀಟರ್ ಸರಿ ಕೂತಿತು. ಹಿಡಿಕೆ ಸೊಂಟದ ಮಟ್ಟದಲ್ಲಿ ಹಿಡಿದು ನಡೆಯಬೇಕು, ಭುಜದ ಮೇಲೆ ಹಾಕಿಕೊಳ್ಳಬಾರದು.

ಸವೆಯುವುದು ಅಂಚಲ್ಲ, ಹೊಟ್ಟೆ. ಎಲ್ಲ ಎಲೆಯೂ ಬಂದು ಕೂರುವ ಜಾಗದ ಅಡಿಗೆ ಇನ್ನೊಂದು ಪದರ ಹೊಲಿಯಿರಿ. ನಾನು ಹರಿದ ಟಾರ್ಪಾಲಿನ ತುಂಡನ್ನೇ ಹಾಕಿದೆ. ಇದನ್ನು ಮೊದಲೇ ಹಾಕಿಬಿಡುವುದು ಒಳ್ಳೆಯದು, ತೂತು ಬಿದ್ದ ಮೇಲೆ ಹೊಲಿಯಲು ಕೂತರೆ ಮಣ್ಣು ಮೆತ್ತಿದ ಹಾಳೆಯ ಜೊತೆ ಒದ್ದಾಡಬೇಕು.

ರೇಕ್ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಬೀಸಣಿಗೆ ಆಕಾರದ್ದು ಬೇಕು, ಮಣ್ಣು ಸಮ ಮಾಡುವ ಗಟ್ಟಿ ಹಲ್ಲಿನದ್ದು ಬೇಡ. ಕೋಲು ನೆಲಕ್ಕಿಟ್ಟರೆ ಗಲ್ಲದವರೆಗೆ ಬರಬೇಕು. ನನ್ನದರ ತಲೆ ಕೋಲಿನಲ್ಲಿ ಸಡಿಲವಾಗಿ ತಿರುಗುತ್ತಿತ್ತು, ಮೊಳೆ ತೆಗೆದು ಆರಪಾರ ಬೋಲ್ಟು, ಲಾಕ್ ನಟ್ಟು ಹಾಕಿದೆ. ಅಲ್ಲಿಗೆ ಆ ಕಥೆ ಮುಗಿಯಿತು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಬಾಯಿ ಇರುವ ಹಾಗೆ, ಅಂದರೆ ಗಾಳಿಯೇ ಎಲೆಯನ್ನು ಟಾರ್ಪಾಲಿಗೆ ತಳ್ಳುವ ಹಾಗೆ ಹಾಸಿಕೊಂಡರೆ ಅರ್ಧ ಕೆಲಸ ಪುಕ್ಕಟೆ.

ಪುಡಿ ಮಾಡುವ ಡ್ರಮ್ಮು

ಗಿರ್ರನೆ ತಿರುಗುವ ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಟ್ರಿಮ್ಮರನ್ನು ಡ್ರಮ್ಮಿನೊಳಗೆ ಇಳಿಸಿ ಎಲೆ ಪುಡಿ ಮಾಡಿ ಗಾತ್ರ ಇಳಿಸುವುದನ್ನು ಬಹಳ ಜನ ಮಾಡುತ್ತಾರೆ. ಮುಚ್ಚಳ ಇಲ್ಲದೆ ಮಾಡಿದರೆ ಮುಖಕ್ಕೆ ಧೂಳು, ಕಡ್ಡಿ ಚೂರು, ಯಾವಾಗಲೋ ಒಂದು ಕಲ್ಲು. ಹಾಗಾಗಿ ಇಲ್ಲಿ ಶ್ರಮ ಹಾಕಬೇಕಾದದ್ದು ಮುಚ್ಚಳಕ್ಕೆ.

ಡ್ರಮ್ಮು 200 ಲೀಟರಿನ ನೀಲಿ ಪ್ಲಾಸ್ಟಿಕ್ಕಿನದು. ಸುಮಾರು 90 ಸೆಂಟಿಮೀಟರ್ ಎತ್ತರ, 58 ಸೆಂಟಿಮೀಟರ್ ಅಗಲ ಇರುತ್ತದೆ. ಮುಂಚೆ ಅದರಲ್ಲಿ ಏನು ತುಂಬಿದ್ದರು ಅಂತ ಗೊತ್ತಿಲ್ಲದ ಡ್ರಮ್ಮು ಬೇಡವೇ ಬೇಡ, ಈ ಪುಡಿ ಮಣ್ಣಿಗೆ ಹೋಗುವಂಥದ್ದು. ಮೇಲ್ಭಾಗವನ್ನು ಜಿಗ್‌ಸಾದಲ್ಲಿ ಕತ್ತರಿಸುವಾಗ ಒಳಗೆ 3 ಸೆಂಟಿಮೀಟರ್ ಅಂಚು ಉಳಿಸಿದರೆ ಬಾಯಿ ಸೊಟ್ಟಗಾಗುವುದಿಲ್ಲ. ಕತ್ತರಿಸಿದ ಅಂಚಿಗೆ ಅರ ಹಾಕಿ, ಇಲ್ಲದಿದ್ದರೆ ಕೈ ಕುಯ್ಯುತ್ತದೆ.

ಟ್ರಿಮ್ಮರಿನ ತಲೆಯ ಮೇಲಿರುವ ಗಾರ್ಡನ್ನು ತೆಗೆಯಬಾರದು. ಅದು ಬರೀ ರಕ್ಷಣೆಗೆ ಅಂತ ಇರುವುದಲ್ಲ, ದಾರವನ್ನು ಸರಿಯಾದ ಉದ್ದಕ್ಕೆ ಕತ್ತರಿಸುವ ಚಿಕ್ಕ ಬ್ಲೇಡೂ ಅದರಲ್ಲೇ ಇರುತ್ತದೆ. ಅದನ್ನು ಬಿಚ್ಚಿದರೆ ದಾರ ಉದ್ದವಾಗಿ ಮೋಟರಿಗೆ ಭಾರ ಬೀಳುತ್ತದೆ. ಆದರೆ ಗಾರ್ಡ್ ಇದ್ದರೆ ಮುಚ್ಚಳದ ತೂತಿನಲ್ಲಿ ತಲೆ ತೂರುವುದಿಲ್ಲ, ಅಲ್ವಾ? ಅದಕ್ಕೆ ಮುಚ್ಚಳವನ್ನೇ ಎರಡು ಹೋಳು ಮಾಡಿದೆ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ 62 ಸೆಂಟಿಮೀಟರಿನ ವೃತ್ತ, ನಡುವೆ 5 ಸೆಂಟಿಮೀಟರಿನ ತೂತು, ಆಮೇಲೆ ಸರಿಯಾಗಿ ಮಧ್ಯಕ್ಕೆ ಸೀಳಿದ್ದು. ಒಂದು ಹೋಳು ಡ್ರಮ್ಮಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ್ದು, ಇನ್ನೊಂದು ಹೋಳಿನ ಹೊರ ಅಂಚಿಗೆ ಒಂದು ತಿರುಗಣೆ, ಹೊರಗೆ ಮಡಚಿಕೊಳ್ಳುವ ಹಾಗೆ. ಟ್ರಿಮ್ಮರ್ ಇಳಿಸಿ, ಹೋಳು ಮುಚ್ಚಿ, ಒಂದು ಚಿಲಕ. ತೂತಿನ ಸುತ್ತ ಸೈಕಲ್ ಟ್ಯೂಬಿನ ರಬ್ಬರು ಹೊಡೆದು ದಂಡ ಹಿಡಿಯುವಷ್ಟೇ ಸಂದಿ ಬಿಟ್ಟಿದ್ದೇನೆ. ದಂಡವನ್ನು ಮೇಲೆ ಕೆಳಗೆ ಆಡಿಸಬಹುದು, ಸ್ವಲ್ಪ ಓರೆಯೂ ಮಾಡಬಹುದು, ಧೂಳು ಮಾತ್ರ ಹೆಚ್ಚು ಹೊರಬರುವುದಿಲ್ಲ. ಗುಂಡಿ ಮೇಲಿನ ಹಿಡಿಕೆಯಲ್ಲಿ ಇರುವುದರಿಂದ ಎರಡೂ ಕೈ ಹೊರಗೇ.

ಟಾರ್ಪಾಲಿನಿಂದ ಡ್ರಮ್ಮಿಗೆ ಎಲೆ ಹೋಗುವುದು ಹೇಗೆ ಅನ್ನುವುದು ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟ ಭಾಗ. ಡ್ರಮ್ಮನ್ನು ಮಲಗಿಸಬೇಕು, ಅಷ್ಟೇ. ಮಲಗಿದ ಡ್ರಮ್ಮಿನ ಬಾಯಿಗೆ ಟಾರ್ಪಾಲಿನ ಬಾಯಿ ತಾಗಿಸಿ, ಹಿಡಿಕೆಯ ಕಡೆಯನ್ನು ಮೇಲೆತ್ತಿದರೆ ಎಲೆ ಜಾರಿಕೊಂಡು ಒಳಗೆ ಹೋಗುತ್ತದೆ. ರೇಕಿನ ಬೆನ್ನಿನಿಂದ ಒಮ್ಮೆ ತಳ್ಳಿ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ. ನಿಧಾನಕ್ಕೆ ಎತ್ತಿದರೆ ಇನ್ನೊಂದು ಲಾಭವಿದೆ. ಹಗುರ ಎಲೆ ಮುಂದೆ ಜಾರುತ್ತದೆ, ಕಲ್ಲು ಮಣ್ಣಿನ ಹೆಂಟೆ ಹಿಂದಿನ ಮಡಿಕೆಯಲ್ಲೇ ಉಳಿದುಕೊಳ್ಳುತ್ತವೆ. ಕೊನೆಯ ಆ ಒಂದು ಹಿಡಿಯನ್ನು ಡ್ರಮ್ಮಿಗೆ ಹಾಕದೆ ಪಕ್ಕಕ್ಕೆ ಕೊಡವಿ.

ಅರ್ಧ ಡ್ರಮ್ಮಿಗಿಂತ ಜಾಸ್ತಿ ತುಂಬಬೇಡಿ. ತಲೆ ಮೇಲೆ ಇರುವಾಗಲೇ ಟ್ರಿಮ್ಮರ್ ಶುರು ಮಾಡಿ ನಿಧಾನಕ್ಕೆ ಕೆಳಗೆ ಇಳಿಸಬೇಕು. ಎಲೆಯೊಳಗೆ ಹೂತಿಟ್ಟು ಗುಂಡಿ ಒತ್ತಿದರೆ ದಾರ ತಿರುಗುವುದೇ ಇಲ್ಲ, ಮೋಟರ್ ಕೂಗಿಕೊಳ್ಳುತ್ತದೆ. ಕಿವಿಗೆ ಗೊತ್ತಾಗುತ್ತದೆ: ಮೊದಲು ಮಂದ ಸದ್ದು, ಪುಡಿಯಾಗುತ್ತಾ ಬಂದ ಹಾಗೆ ಸದ್ದು ತೆಳ್ಳಗೆ ಮೇಲೇರುತ್ತದೆ. ಮೇಲೇರಿ ನಿಂತರೆ ಆಯಿತು, ಇನ್ನು ಓಡಿಸಿದರೆ ಬರೀ ಧೂಳು. ಗರಿಗರಿ ಒಣಗಿದ ಎಲೆಯಾದರೆ ಅಂದಾಜು ಕಾಲು ಭಾಗಕ್ಕೆ ಇಳಿಯುತ್ತದೆ. ಒದ್ದೆ ಎಲೆ ಪುಡಿಯಾಗುವುದಿಲ್ಲ, ರೊಟ್ಟಿ ಕಟ್ಟಿಕೊಂಡು ಗೋಡೆಗೆ ಮೆತ್ತುತ್ತದೆ. ಇಬ್ಬನಿ ಆರಿದ ಮೇಲೆಯೇ ಈ ಕೆಲಸ.

ಕನ್ನಡಕ, ಧೂಳಿನ ಮಾಸ್ಕು, ಕಿವಿಗೆ ಮಫ್ ಮೂರೂ ಬೇಕು. ಹಳೇ ಎಲೆಯಲ್ಲಿ ಬೂಷ್ಟಿನ ಪುಡಿ ಇರುತ್ತದೆ, ಉಬ್ಬಸ ಇರುವವರು ಈ ಡ್ರಮ್ಮಿನ ತಂಟೆಗೆ ಬರದಿರುವುದೇ ಒಳ್ಳೆಯದು. ಬ್ಯಾಟರಿ ತೆಗೆಯದೆ ಅಥವಾ ಪ್ಲಗ್ ಕೀಳದೆ ಒಳಗೆ ಕೈ ಹಾಕಬೇಡಿ.

ಟ್ರಿಮ್ಮರುಗಳಲ್ಲಿ ಎರಡು ಥರ. ಕೆಲವಕ್ಕೆ ಮೋಟರ್ ಕೆಳಗೆ ತಲೆಯಲ್ಲೇ ಇರುತ್ತದೆ, ಕೆಲವಕ್ಕೆ ಮೇಲೆ ಹಿಡಿಕೆಯ ಹತ್ತಿರ. ಮೇಲೆ ಇರುವುದಾದರೆ ಚಿಂತೆಯಿಲ್ಲ. ಕೆಳಗಿರುವುದಾದರೆ ಅದು ಧೂಳಿನೊಳಗೇ ಉಸಿರಾಡಬೇಕು, ಗಾಳಿಕಿಂಡಿ ಕಟ್ಟಿಕೊಂಡು ಬಿಸಿಯೇರುತ್ತದೆ. ಪ್ರತಿ ಡ್ರಮ್ಮಿನ ನಂತರ ಬ್ರಷ್ಷಿನಲ್ಲಿ ಕಿಂಡಿ ಒರೆಸಿ, ಮೋಟರಿನ ಮೈ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬಿಟ್ಟುಬಿಡಿ, ಅಷ್ಟರಲ್ಲಿ ಇನ್ನೊಂದು ಟಾರ್ಪಾಲು ತುಂಬಿಕೊಳ್ಳಬಹುದು. ಪೆಟ್ರೋಲ್ ಎಂಜಿನ್ ಇರುವುದನ್ನು ಒಣ ಎಲೆಯ ಹತ್ತಿರ ನಾನು ಇಡುವುದಿಲ್ಲ. ಸೈಲೆನ್ಸರ್ ಸುಡುತ್ತಿರುತ್ತದೆ, ಎಲೆ ಕಾದು ಕೂತಿರುತ್ತದೆ.

ಒಂದು ವಿಷಯ ನನಗೇ ಪೂರ್ತಿ ಸಮಾಧಾನ ಇಲ್ಲದ್ದು. ಟ್ರಿಮ್ಮರಿನ ದಾರ ನೈಲಾನ್. ಅದು ಸವೆಯುತ್ತದೆ ಅಂದರೆ ಸವೆದ ಚೂರು ಎಲ್ಲಿಗೋ ಹೋಗಬೇಕಲ್ಲ, ಪುಡಿಯ ಜೊತೆ ಮಣ್ಣಿಗೇ ಹೋಗುತ್ತದೆ. ಒಣ ಎಲೆಗೆ ದಾರ ಕಡಿಮೆ ಸವೆಯುತ್ತದೆ, ಕಡ್ಡಿ ಬಿದ್ದರೆ ತುಂಡು ತುಂಡೇ ಹಾರುತ್ತದೆ. ಹಾಗಾಗಿ ಕಡ್ಡಿ ಆರಿಸಿ ತೆಗೆಯುತ್ತೇನೆ, ಡ್ರಮ್ಮಿನ ಪುಡಿಯನ್ನು ಹೂಗಿಡ, ಬೇಲಿಗಿಡಗಳಿಗೆ ಮಾತ್ರ ಇಡುತ್ತೇನೆ. ತರಕಾರಿ ಮಡಿಗೆ ಪುಡಿ ಮಾಡದ ಎಲೆಯ ಗೊಬ್ಬರ. ಹುಲ್ಲುಹಾಸು ಇದ್ದು, ಹುಲ್ಲು ಕತ್ತರಿಸುವ ಮೋವರ್ ಇರುವವರಿಗೆ ಈ ಡ್ರಮ್ಮೇ ಬೇಡ. ಎಲೆಯನ್ನು ತೆಳ್ಳಗೆ ಸಾಲು ಮಾಡಿ ಅದರ ಮೇಲೆ ಮೋವರ್ ಓಡಿಸಿ. ಲೋಹದ ಬ್ಲೇಡು, ನೈಲಾನ್ ತಂಟೆ ಇಲ್ಲ. ಎಲೆ ಕಡಿಮೆ ಇದ್ದರೆ ಆ ಪುಡಿಯನ್ನು ಎತ್ತುವುದೂ ಬೇಕಿಲ್ಲ, ಹುಲ್ಲಿನ ಬುಡಕ್ಕೆ ಇಳಿದು ಅಲ್ಲೇ ಕರಗುತ್ತದೆ. ಪುಡಿಯಾಗದ ಇಡೀ ಎಲೆ ದಪ್ಪಗೆ ಕೂತರೆ ಮಾತ್ರ ಹುಲ್ಲು ಉಸಿರುಕಟ್ಟಿ ಹಳದಿಯಾಗುತ್ತದೆ.

ತಂತಿ ಗೂಡುಗಳು

ಇದು ಸುಲಭ. 1 ಮೀಟರ್ ಎತ್ತರದ, 25 ಮಿಲಿಮೀಟರ್ ಕಣ್ಣಿನ ತಂತಿ ಬಲೆಯನ್ನು 3.3 ಮೀಟರ್ ಕತ್ತರಿಸಿ ಸುತ್ತಿದರೆ, ತುದಿಗಳು ಒಂದರ ಮೇಲೊಂದು ಒಂದು ಗೇಣಿಗಿಂತ ಕಡಿಮೆ ಕೂತು ಸುಮಾರು 1 ಮೀಟರ್ ವ್ಯಾಸದ ಗೂಡು ಸಿಗುತ್ತದೆ. ಅದರೊಳಗೆ 780 ಲೀಟರಿನಷ್ಟು ಜಾಗ. ತುದಿಗಳನ್ನು ತಂತಿ ಸುತ್ತಿ ಕಟ್ಟಬೇಡಿ. ದಪ್ಪ ತಂತಿಯಲ್ಲಿ ಕೊಕ್ಕೆ ಬಗ್ಗಿಸಿ ಮೇಲೆ, ನಡುವೆ, ಕೆಳಗೆ ಸಿಕ್ಕಿಸಿದರೆ ಸಾಕು. ಕೊಕ್ಕೆ ತೆಗೆದರೆ ಗೂಡು ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ಡ್ರಮ್ಮನ್ನು ಅಲ್ಲೇ ಬಗ್ಗಿಸಿ ಸುರಿಯಬಹುದು, ಒಂದು ಮೀಟರ್ ಮೇಲಕ್ಕೆ ಎತ್ತುವ ರಗಳೆಯಿಲ್ಲ. ಗೂಡು ತುಂಬುತ್ತಾ ಬಂದ ಮೇಲೆ ಮೇಲಿನಿಂದ ಸುರಿಯಲೇಬೇಕು, ಆದರೆ ಆಗ ಡ್ರಮ್ಮಿನಲ್ಲಿ ಇರುವುದು ತಳದಲ್ಲಿ ಸ್ವಲ್ಪ ಪುಡಿ ಅಷ್ಟೇ, ಹಗುರ.

ಬಲೆಗಿಂತ ಜಾಗ ಮುಖ್ಯ. ಒಂದೇ ದೊಡ್ಡ ಗೊಬ್ಬರದ ಗುಂಡಿ ಹಿತ್ತಲ ಕೊನೆಯಲ್ಲಿ ಇದ್ದರೆ ಎಲ್ಲ ಎಲೆಯೂ ಅಲ್ಲಿಯವರೆಗೆ ಹೋಗಬೇಕು. ಅದರ ಬದಲು ಪ್ರತಿ ದೊಡ್ಡ ಮರದ ಆಚೆ ಈಚೆ, ಬೇಲಿಯ ಹಿಂದೆ, ಕಣ್ಣಿಗೆ ಬೀಳದ ಕಡೆ ಒಂದೊಂದು ಚಿಕ್ಕ ಗೂಡು ಇಟ್ಟೆ. ಟಾರ್ಪಾಲು ಎಳೆಯುವ ದೂರವೇ ಕರಗಿಹೋಯಿತು. ಬೇರೆ ಏನೂ ಮಾಡಲು ಪುರುಸೊತ್ತಿಲ್ಲ ಅನ್ನುವವರು ಇದೊಂದನ್ನು ಮಾಡಿದರೂ ಸಾಕು. ಕಾಂಡಕ್ಕೆ ತಾಗಿಸಿ ಮಾತ್ರ ಇಡಬೇಡಿ, ತೊಗಟೆ ಕೊಳೆಯುತ್ತದೆ.

ಎಲೆಯೊಂದನ್ನೇ ತುಂಬಿದರೆ ಅದು ಬಿಸಿಯಾಗುವ ಕಾಂಪೋಸ್ಟ್ ಅಲ್ಲ. ಒಣ ಎಲೆಯಲ್ಲಿ ಇಂಗಾಲ ಬಹಳ, ಸಾರಜನಕ ಕಮ್ಮಿ, ಅನುಪಾತ ಸಾಮಾನ್ಯವಾಗಿ 50ಕ್ಕೆ 1ರ ಆಸುಪಾಸು ಇಲ್ಲವೇ ಅದರ ಆಚೆಗೆ ಇರುತ್ತದೆ. ಚುರುಕಾಗಿ ಕೊಳೆಯಲು 25ರಿಂದ 30ಕ್ಕೆ 1 ಬೇಕು. ಹಾಗಾಗಿ ಇಲ್ಲಿ ದುಡಿಯುವುದು ಶಿಲೀಂಧ್ರಗಳು, ನಿಧಾನಕ್ಕೆ, ತಣ್ಣಗೆ. ಪುಡಿ ಮಾಡಿದ್ದು 6ರಿಂದ 12 ತಿಂಗಳಲ್ಲಿ ಕಪ್ಪಾಗಿ ಉದುರು ಉದುರಾಗುತ್ತದೆ, ಇಡೀ ಎಲೆಗೆ 2 ವರ್ಷವೂ ಹಿಡಿಯಬಹುದು. ಅವಸರ ಇದ್ದರೆ ಹಸಿ ಹುಲ್ಲಿನ ಕತ್ತರಿಕೆ ಬೆರೆಸಿ, ಅದು 20ಕ್ಕೆ 1ರ ಆಸುಪಾಸು. ನೀರು ಮರೆಯುವ ಹಾಗಿಲ್ಲ. ಒಂದು ಮುಷ್ಟಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಒಣ ಎಲೆ ಮೊದಲು ನೀರನ್ನು ಕುಡಿಯುವುದೇ ಇಲ್ಲ, ಮೇಲಿನಿಂದ ಸುರಿದದ್ದು ಪಕ್ಕದಿಂದ ಹೊರಗೆ ಹರಿದುಹೋಗುತ್ತದೆ. ಆದ್ದರಿಂದ ತುಂಬುವಾಗಲೇ ಪದರ ಪದರಕ್ಕೆ ನೀರು ಚಿಮುಕಿಸುತ್ತಾ ಬನ್ನಿ, ಕೊನೆಗೆ ಮೇಲೊಂದು ಗೋಣಿ. ನೀಲಗಿರಿ, ಮ್ಯಾಗ್ನೋಲಿಯಾದಂಥ ತೊಗಲಿನಂತಹ ಎಲೆಗಳು ಬಹಳ ಸತಾಯಿಸುತ್ತವೆ, ಅವಕ್ಕೆ ಬೇರೆ ಗೂಡು. ಕಪ್ಪು ಚುಕ್ಕೆ ರೋಗ ಬಂದ ಗುಲಾಬಿ ಎಲೆ ಯಾವ ಗೂಡಿಗೂ ಬೇಡ.

ಬೆಂಕಿ ಹಚ್ಚಿದರೆ ಮುಗಿಯಿತಲ್ಲ ಅನ್ನುವವರು ಇದ್ದೇ ಇರುತ್ತಾರೆ. ಅರೆಬರೆ ಒದ್ದೆ ಎಲೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ, ಅದರಲ್ಲಿ ಎದೆಗೆ ಇಳಿಯುವ ಸಣ್ಣ ಕಣಗಳು, ಕಾರ್ಬನ್ ಮಾನಾಕ್ಸೈಡ್ ಎರಡೂ ಇರುತ್ತವೆ. ಪಕ್ಕದ ಮನೆಯವರ ಒಗೆದ ಬಟ್ಟೆಯ ವಿಷಯ ಬೇರೆ.

ಎಲ್ಲ ಎಲೆಯನ್ನೂ ಎತ್ತಬೇಕು ಅಂತಲೂ ಇಲ್ಲ. ದಾರಿ, ಮೆಟ್ಟಿಲು, ಚರಂಡಿ, ಹುಲ್ಲುಹಾಸು ಇಷ್ಟು ಚೊಕ್ಕಟ ಇದ್ದರೆ ಆಯಿತು. ಬೇಲಿಗಿಡಗಳ ಕೆಳಗೆ ಬಿದ್ದದ್ದನ್ನು 5ರಿಂದ 8 ಸೆಂಟಿಮೀಟರ್ ಹೊದಿಕೆಯಾಗಿ ಅಲ್ಲೇ ಬಿಡುತ್ತೇನೆ, ಕಳೆ ಕಮ್ಮಿ, ಮಣ್ಣಿನ ತೇವವೂ ಉಳಿಯುತ್ತದೆ. ಕೊನೆಯ ಎಲೆ ಬೀಳಲಿ, ಒಂದೇ ಸಲ ಗುಡಿಸೋಣ ಅಂತ ಕಾಯುವುದೂ ದಂಡ. ಎಲೆಯ ತೊಟ್ಟಿನ ಬುಡದಲ್ಲಿ ಕಳಚಿಕೊಳ್ಳುವ ಪದರ ಒಂದೊಂದು ಮರದಲ್ಲಿ ಒಂದೊಂದು ಸಮಯಕ್ಕೆ ಆಗುತ್ತದೆ. ಎಳೆಯ ಓಕ್, ಬೀಚ್ ಮರಗಳಂತೂ ಸತ್ತ ಎಲೆಯನ್ನು ಚಳಿಗಾಲ ಕಳೆಯುವ ತನಕ ಹಿಡಿದುಕೊಂಡೇ ನಿಂತಿರುತ್ತವೆ. ಅಷ್ಟರಲ್ಲಿ ಕೆಳಗಿದ್ದದ್ದು ಮಳೆಗೆ ನೆನೆದು ನೆಲಕ್ಕೆ ಅಂಟಿ ಭಾರವಾಗುತ್ತದೆ. ಒಣಗಿದ್ದಾಗ ಆಗಾಗ ಸ್ವಲ್ಪ ಸ್ವಲ್ಪ ಎಳೆದು ಹಾಕುವುದೇ ಹಗುರ.

ಇನ್ನು ಬಾಕಿ ಇರುವುದು ಡ್ರಮ್ಮಿನ ಹಿಡಿಕೆ. ಮಲಗಿಸಿ ನಿಲ್ಲಿಸಿ ಮಾಡುವಾಗ ಹಿಡಿಯಲು ಏನೂ ಸಿಗುವುದಿಲ್ಲ, ಅಂಚಿಗೆ ಬೆರಳು ಕೊಡಬೇಕು. ತಳದ ಹತ್ತಿರ ಒಂದು, ಬಾಯಿಯ ಹತ್ತಿರ ಒಂದು ಹಗ್ಗದ ಕುಣಿಕೆ ಹಾಕುವ ಯೋಚನೆ ಇದೆ, ಗಂಟು ಒಳಗೆ ಬರದ ಹಾಗೆ. ಒಳಗೆ ಬಂದರೆ ಟ್ರಿಮ್ಮರಿನ ದಾರ ಅದಕ್ಕೇ ಸುತ್ತಿಕೊಳ್ಳುತ್ತದೆ. ಪಟ್ಟಿಯನ್ನು ಹೊರಗಿನಿಂದ ಸುತ್ತಿ ಬಿಗಿಯುವ ರ‍್ಯಾಚೆಟ್ ಬೆಲ್ಟಾದರೆ ತೂತೇ ಬೇಕಿಲ್ಲ ಅನ್ನಿಸುತ್ತಿದೆ, ಮೊದಲು ಅದನ್ನೇ ಹಾಕಿ ನೋಡುತ್ತೇನೆ.